ಕಾಕಾನ ಜೊತೆಗೆ ಧಾರವಾಡಕ್ಕೆ ಹೋದದ್ದು

ಮೊನ್ನೆ ನಮ್ಮ ಓಣಿಯ ನೀರಿನ ಟ್ಯಾಂಕು ತೊಳೆದು ಬ್ಲೀಚಿಂಗ್ ಪುಡಿ ಹಾಕಿದರು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಹುಬ್ಬಳ್ಳಿಯ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ ನಾನು ಗುಡಗೇರಿಗೆ ಹೋಗಿಬಿಟ್ಟೆ. ಕೆಲವರಿಗೆ ಮಲ್ಲಿಗೆಯ ವಾಸನೆಗೆ ಹಳೆಯದೆಲ್ಲ ನೆನಪಾಗುತ್ತದಂತೆ. ನನ್ನ ಪಾಲಿಗೆ ಬಂದದ್ದು ಬ್ಲೀಚಿಂಗ್ ಪುಡಿ.

ಎಂಬತ್ತರ ದಶಕದ ಮಾತು. ನಾನಾಗ ಗುಡಗೇರಿಯ ಶಾಲೆಗೆ ಹೊಸದಾಗಿ ಬಂದ ಮಾಸ್ತರ. ನಿಜಗುಣಪ್ಪ ಕಾಕಾನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ನನಗೆ ಅವರು ಸಂಬಂಧಿಕರೇನಲ್ಲ, ಇಡೀ ಊರಿಗೇ ಅವರು ಕಾಕಾ. ತುಂಬಿದ ಜೋಳದ ಚೀಲವನ್ನು ಒಬ್ಬರೇ ಎತ್ತಿ ಚಕ್ಕಡಿಗೆ ಹಾಕುವ ಆಳು. ನಾನೋ, ಸ್ಟೇಶನ್ನಿನಿಂದ ನನ್ನದೇ ಹಾಸಿಗೆಯ ಸುರುಳಿ ಹೊತ್ತು ತಂದು, ಮರುದಿನ ಬೆನ್ನು ಹಿಡಿದುಕೊಂಡು ಅದೇ ಹಾಸಿಗೆಯ ಮೇಲೆ ಮಲಗಿದವನು. ಕಾಕಾನನ್ನು ಕಂಡರೆ ನನಗೆ ಭಕ್ತಿ ಹುಟ್ಟದೆ ಇನ್ನೇನು?

ಆ ವರ್ಷ ಮುಂಗಾರು ಬಿದ್ದ ಮೇಲೆ ಊರಲ್ಲಿ ವಾಂತಿಭೇದಿ ಎದ್ದಿತು. ಬಾವಿಗೆ ಹೊಲಸು ನೀರು ಸೇರಿತ್ತು. ಸರಕಾರದವರು ಬಂದು ಬಾವಿಗೆಲ್ಲ ಬಿಳಿ ಪುಡಿ ಸುರಿದರು, ಶಾಲೆ ಮುಚ್ಚಿತು. ರೈಲು ತನ್ನ ಹೊತ್ತಿಗೆ ಬರುವಂಥದ್ದು, ಬೇನೆ ಹೊತ್ತು ನೋಡುವುದಿಲ್ಲ. ಹಾಗಾಗಿ ಕಾಕಾ ಎತ್ತು ಹೂಡಿ ಚಕ್ಕಡಿ ಕಟ್ಟಿ, ಬಿದ್ದವರನ್ನು ಕುಂದಗೋಳದ ದವಾಖಾನೆಗೆ ಮುಟ್ಟಿಸಲು ನಿಂತರು. ಮುಟ್ಟಿಸಿದವರೆಲ್ಲ ಬದುಕಿ ಬಂದರು. ದಾರಿಯಲ್ಲೇ ಹೋದವನು ಒಬ್ಬನೇ, ಹನಮಂತ. ಅವನು ಕಾಕಾನ ಬಾಲ್ಯದ ಗೆಳೆಯ.

ಬೇನೆ ಇಳಿಯಿತು, ಶಾಲೆ ತೆರೆಯಿತು, ಊರು ಮತ್ತೆ ನಗತೊಡಗಿತು. ಆಮೇಲೆ ಕಾಕಾ ಕೂತುಬಿಟ್ಟರು.

ಎದೆಯಲ್ಲಿ ಕಲ್ಲಿಟ್ಟ ಹಾಗಾಗುತ್ತದೆ ಅನ್ನುತ್ತಿದ್ದರು. ನೀರಿನ ತಂಬಿಗೆ ಕೈಗೆ ತೆಗೆದುಕೊಂಡರೆ ಕುಡಿಯದೆ ಹಾಗೇ ಕೆಳಗಿಡುತ್ತಿದ್ದರು. ಹೊಲಕ್ಕೆ ಹೋದರೆ ಬದುವಿನ ಮೇಲೆ ಸುಮ್ಮನೆ ನಿಂತು ಬರುತ್ತಿದ್ದರು. ಹುಬ್ಬಳ್ಳಿಯ ಡಾಕ್ಟರರು ಎದೆಯ ಪರೀಕ್ಷೆ ಮಾಡಿ “ಏನೂ ಇಲ್ಲ” ಅಂದರು. ನಾವೆಲ್ಲ ಹಿಗ್ಗಿದೆವು, ಕಾಕಾ ಇನ್ನಷ್ಟು ಕುಗ್ಗಿದರು.

“ಏನೂ ಇಲ್ಲಂದ್ರ ಏನರ್ಥ ಮಾಸ್ತರ? ನಾ ಸುಳ್ಳ ಹೇಳಾಕತ್ತೇನೇನು?” ಎಂದು ನನ್ನನ್ನೇ ಕೇಳಿದರು.

ಹಿಟ್ಟಿನ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಉತ್ತರಗಳಿಗೆ ಬರವಿರಲಿಲ್ಲ. ಉಷ್ಣ ತಲೆಗೇರಿದೆ ಅಂದರು ಒಬ್ಬರು. ನೆದರು ಆಗಿದೆ, ಯಾರದೋ ಕೆಟ್ಟ ಕಣ್ಣು ಬಿದ್ದಿದೆ, ಹೆಣ ಹೊತ್ತ ಚಕ್ಕಡಿಯನ್ನು ಮಾರಿಬಿಡಲಿ ಅಂದರು ಇನ್ನೊಬ್ಬರು. ನನಗೆ ಆಗಿನಿಂದಲೂ ಇದೊಂದು ಕುತೂಹಲ. ಎತ್ತು ಮೇವು ಬಿಟ್ಟರೆ ಅದರ ಕಣ್ಣು ನೋಡಿ ಕಾರಣ ಹೇಳುವ ಈ ಗಂಡಸರು, ಮನುಷ್ಯ ಊಟ ಬಿಟ್ಟರೆ ಮಾತ್ರ ಪಿತ್ತ, ಗಾಳಿ, ದೆವ್ವ ಎಂದು ಊರೆಲ್ಲ ಸುತ್ತಿ ಬರುತ್ತಿದ್ದರು. ಕಾಕಾನ ಮನಸ್ಸಿನ ಓಣಿಗೆ ಯಾರೂ ಕಾಲಿಡುತ್ತಿರಲಿಲ್ಲ. ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದ್ದ ನಾನು ಕೊಟ್ಟ ಸಲಹೆ ಏನು ಗೊತ್ತೇ? ದಿನಾ ಮುಂಜಾನೆ ಎಳ್ಳೆಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ ಅಂತ.

ಕಟ್ಟೆಯ ಮೇಲಿನ ದೊಡ್ಡ ದನಿ ಫಕ್ಕೀರಪ್ಪನದು. ಕಾಕಾನ ವಾರಿಗೆಯವನು, ಹನಮಂತನಿಗೂ ಗೆಳೆಯ. ಅವನು ದಿನಾ ಸಂಜೆ ಬಂದು ಕಾಕಾನ ಬೆನ್ನಿಗೆ ಗುದ್ದಿ, “ಗಂಡಸಾಗಿ ಹಿಂಗ ಕುಂದರತಾರೇನಲೇ? ಏಳು, ಗಟ್ಟಿಯಾಗು” ಅನ್ನುತ್ತಿದ್ದ. ಒಂದು ದಿನ ಕಾಕಾನ ಹೆಂಡತಿ ಶಾಂತವ್ವ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು.

“ಗಟ್ಟಿ ಆಗು, ಗಟ್ಟಿ ಆಗು ಅಂತೀರಲ್ಲಾ, ಅವರೇನು ಒಣ ರೊಟ್ಟಿ ಏನ್ರಿ? ಧಾರವಾಡಕ್ಕ ಕರಕೊಂಡ ಹೋಗ್ರಿ.”

ನಮ್ಮ ಭಾಗದ ಜನ ಧಾರವಾಡಕ್ಕೆ ಕೋರ್ಟಿಗೆ ಹೋಗುತ್ತಾರೆ, ಕಾಲೇಜಿಗೆ ಹೋಗುತ್ತಾರೆ, ಪೇಡೆ ತರಲು ಹೋಗುತ್ತಾರೆ. ಆದರೆ ಒಬ್ಬನನ್ನು “ಧಾರವಾಡಕ್ಕ ಕರಕೊಂಡ ಹೋಗ್ರಿ” ಅಂದರೆ ಅದಕ್ಕೆ ಒಂದೇ ಅರ್ಥ, ಹುಚ್ಚರ ಆಸ್ಪತ್ರೆ. ಫಕ್ಕೀರಪ್ಪ, “ತಂಗೀ, ಏನ್ ಮಾತಾಡ್ತಿ?” ಅಂದ. ಕಾಕಾ ತಲೆ ಎತ್ತಲಿಲ್ಲ. ಮೆಲ್ಲಗೆ “ಹೋಗೂಣು” ಅಂದರು.

ಬಿತ್ತುವ ಬೀಜ ತರಲು ಹೋಗುತ್ತೇವೆಂದು ಊರವರಿಗೆ ಹೇಳಿ ಹೊರಟೆವು. ಕಾಕಾನ ಜೊತೆಗೆ ಗಟ್ಟಿ ಗಂಡಸೊಬ್ಬ ಬೇಕೆಂದು ಫಕ್ಕೀರಪ್ಪ, ಡಾಕ್ಟರರ ಹತ್ತಿರ ಇಂಗ್ಲಿಷು ಬೇಕಾದೀತೆಂದು ನಾನು. ರೈಲಿನಲ್ಲಿ ಹುಬ್ಬಳ್ಳಿಯವರೆಗೂ, ಬಸ್ಸಿನಲ್ಲಿ ಧಾರವಾಡದವರೆಗೂ ನಾನು ಇಂಗ್ಲಿಷಿನಲ್ಲಿ ಒಂದು ಉದ್ದ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಒಳಗೆ ಹೋದರೆ ಡಾಕ್ಟರರು ನಮ್ಮ ಕಡೆಯವರೇ. “ಬರ್ರಿ, ಕೂಡ್ರಿ. ನಿದ್ದಿ ಹತ್ತತೈತೇನ್ರಿ?” ಅಂದರು. ನನ್ನ ವಾಕ್ಯ ಇವತ್ತಿಗೂ ನನ್ನಲ್ಲೇ ಉಳಿದಿದೆ.

ಕಾಕಾ ಮೊದಲು ಎದೆಯ ಮಾತೇ ಹೇಳಿದರು. ಡಾಕ್ಟರರು ಅವಸರ ಮಾಡಲಿಲ್ಲ. ಎದೆ ಭಾರ ಯಾವಾಗ ಹೆಚ್ಚಾಗುತ್ತದೆ ಎಂದು ಕೇಳಿದರು.

“ನೀರ ಕುಡಿಯಾಕ ಹೋದಾಗ್ರಿ” ಅಂದ ಕಾಕಾನ ದನಿ ಒಡೆಯಿತು. “ಹನಮ್ಯಾ ಚಕ್ಕಡ್ಯಾಗ ನೀರ ಕೇಳಿದ್ನರಿ. ದಾರಿಗುಂಟ ಕೇಳಿದ. ಕೊಟ್ರ ವಾಂತಿ ಹೆಚ್ಚಾಗತೈತಿ ಅಂತ ನಾ ಕೊಡಲಿಲ್ರಿ. ಇನ್ನೊಂದೀಟ ತಡಿ, ಕುಂದಗೋಳ ಬಂತು ಅಂದೆ. ತಿರುಗಿ ನೋಡಿದ್ರ ಸುಮ್ಮಗಾಗಿದ್ದ. ನೀರು, ಸಕ್ರಿ, ಉಪ್ಪು ಕೂಡಿಸಿ ಕೊಡಬೇಕಾಗಿತ್ತು ಅಂತ ಆಮ್ಯಾಲೆ ದವಾಖಾನಿ ಸಿಸ್ಟರು ಹೇಳಿದ್ಳು.”

ಇಷ್ಟು ದಿನ ಒಂದೇ ಸೂರಿನಡಿ ಇದ್ದೂ ಈ ಮಾತನ್ನು ನಾನು ಕೇಳಿರಲಿಲ್ಲ. ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಬಾಜು ಕುರ್ಚಿಯಿಂದ ಒಂದು ವಿಚಿತ್ರ ಸದ್ದು ಬಂತು. ಫಕ್ಕೀರಪ್ಪ ಧೋತರದ ಚುಂಗಿನಲ್ಲಿ ಮುಖ ಮುಚ್ಚಿಕೊಂಡಿದ್ದ.

“ನೀರ ಕೊಡಬ್ಯಾಡ ಅಂತ ಹೇಳಿ ಕಳಿಸಿದಾಂವ ನಾನ್ರಿ, ಸಾಹೇಬ್ರ. ಇವಂದೇನೂ ತಪ್ಪಿಲ್ಲ. ನನಗೂ ನಿದ್ದಿಲ್ಲ.”

ಕಾಕಾ ಅವನ ಕಡೆ ತಿರುಗಿದರು. “ನೀನೂ ಇದನ್ನ ಇಟಗೊಂಡ ಕುಂತಿದ್ದೇನಲೇ?” ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

ಡಾಕ್ಟರರು ಇಬ್ಬರನ್ನೂ ಅಳಲು ಬಿಟ್ಟರು. ಆಮೇಲೆ ಹೇಳಿದರು. “ಊರಿಗೆ ಊರ ನಂಬಿದ್ದ ಮಾತದು. ನೀವು ಅವನ್ನ ಉಳಸಾಕಂತನ ನೀರ ಕೊಡಲಿಲ್ಲ. ಒಂದ ದಿವಸದಾಗ ಹೋಗೂ ಭಾರ ಅಲ್ಲ ಇದು. ಗುಳಿಗಿ ಕೊಡತೇನಿ, ಇಬ್ರೂ ಕೂಡೇ ಬರ್ರಿ. ಮನ್ಯಾಗೂ ಇದನ್ನ ಮಾತಾಡ್ರಿ.” ರೋಗಿ ಒಬ್ಬರೆಂದು ಹೋಗಿದ್ದೆವು, ಗುಳಿಗೆಯ ಪೊಟ್ಟಣ ಎರಡಾದವು.

ಬಸ್ ಸ್ಟ್ಯಾಂಡಿನಲ್ಲಿ ಫಕ್ಕೀರಪ್ಪ ಪೇಡೆ ತಂದು ಕಾಕಾನ ಕೈಗಿಟ್ಟ. ಕಾಕಾ ಅದನ್ನು ನೋಡುತ್ತ, “ಹನಮ್ಯಾ ಪೇಡೆ ಅಂದ್ರ ಜೀವಾ ಬಿಡತಿದ್ದ” ಅಂದರು. ಅಂದ ಮೇಲೆ ಬಾಯಿಂದ ಬಿದ್ದ ಮಾತು ಏನೆಂದು ಹೊಳೆಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವನು ಫಕ್ಕೀರಪ್ಪ. ಆಮೇಲೆ ಕಾಕಾ ನಕ್ಕರು, ನಗುತ್ತ ಅತ್ತರು, ಅಳುತ್ತಲೇ ಪೇಡೆ ತಿಂದರು. ಜನ ನೋಡುತ್ತಿದ್ದರು. ನಾನು ಅವರಿಬ್ಬರ ಜೊತೆಯವನಲ್ಲವೇನೋ ಎಂಬಂತೆ ಬಸ್ಸಿನ ಬೋರ್ಡು ಓದುತ್ತ ನಿಂತಿದ್ದೆ.

ಕಾಕಾ ಒಮ್ಮೆಲೇ ಎದ್ದು ಓಡಾಡಲಿಲ್ಲ. ಒಳ್ಳೆಯ ದಿನದ ಹಿಂದೆ ಕೆಟ್ಟ ದಿನ ಬರುತ್ತಿತ್ತು. ಇಬ್ಬರೂ ಕೂಡಿ ಧಾರವಾಡಕ್ಕೆ ಹೋಗಿ ಬರುತ್ತಿದ್ದರು. ಹಿಂಗಾರಿ ಜೋಳ ತೆನೆ ಬಿಡುವ ಹೊತ್ತಿಗೆ ಅವರು ಮತ್ತೆ ಚಕ್ಕಡಿ ಕಟ್ಟಿದರು. ಬೀಜದ ಸುಳ್ಳನ್ನೂ ಅವರೇ ಒಡೆದರು. “ಮನಸ್ಸಿಗೆ ಆರಾಮಿರಲಿಲ್ಲ, ಗುಳಿಗಿ ತಗೊಂಡೆ” ಎಂದು ಕಟ್ಟೆಯ ಮೇಲೆ ಕೂತೇ ಹೇಳಿದರು. ಕೆಲವರು ಮುಸಿಮುಸಿ ನಕ್ಕರು. ಆದರೆ ಹಾಗೆ ನಕ್ಕವರಲ್ಲೇ ಒಬ್ಬಿಬ್ಬರು ಆಮೇಲೆ ಜೋಳದ ಧಾರಣೆ ಕೇಳುವ ನೆಪ ಮಾಡಿಕೊಂಡು ನಮ್ಮ ಬಾಗಿಲಿಗೆ ಬಂದು, ಹೋಗುವಾಗ ದನಿ ತಗ್ಗಿಸಿ, “ಆ ಡಾಕ್ಟರು ಯಾವ ದಿವಸ ಇರತಾರ?” ಅಂತ ವಿಚಾರಿಸಿದರು.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಚಹಾ ಆರಿತ್ತು. ನಮ್ಮ ಎದುರು ಮನೆಯಲ್ಲಿ ನಿವೃತ್ತ ಗುಮಾಸ್ತರೊಬ್ಬರಿದ್ದಾರೆ. ಕೊರೋನಾದಲ್ಲಿ ಅಣ್ಣನನ್ನು ಕಳೆದುಕೊಂಡವರು. ಅಂದಿನಿಂದ ಮುಂಜಾನೆಯ ವಾಕಿಂಗಿಗೆ ಬರುವುದನ್ನೇ ಬಿಟ್ಟಿದ್ದಾರೆ. ಅವರು ಸ್ವಭಾವತಃ ಒಂಟಿ, ಬಿಡ್ರಿ ಎಂದು ನಾವೆಲ್ಲ ಸೇರಿ ತೀರ್ಮಾನಿಸಿದ್ದೆವು. ಚಪ್ಪಲಿ ಮೆಟ್ಟಿ ಹೋಗಿ ಬಾಗಿಲು ತಟ್ಟಿದೆ.

“ಏನರೆ ಕೆಲಸಿತ್ತೇನ್ರಿ?” ಅಂದರು.

“ಕೆಲಸೇನಿಲ್ರಿ. ಸುಮ್ನ ಕುಂಡ್ರಾಕ ಬಂದೇನಿ.”

ಅವರು ಕುರ್ಚಿಯ ಮೇಲಿನ ಹಳೆಯ ಪೇಪರುಗಳನ್ನು ತೆಗೆದು ಜಾಗ ಮಾಡಿಕೊಟ್ಟರು. ಫ್ಯಾನು ತಿರುಗುತ್ತಿತ್ತು. ಏನಾದರೂ ಸಮಾಧಾನ ಹೇಳಬೇಕೆಂಬ ನನ್ನ ಮಾಸ್ತರಿಕೆಯನ್ನು ಕಷ್ಟಪಟ್ಟು ತಡೆದುಕೊಂಡೆ. ಕೊನೆಗೆ ಅವರೇ ಗೋಡೆ ನೋಡುತ್ತ ಶುರು ಮಾಡಿದರು. “ಅಣ್ಣ ದವಾಖಾನಿಯಿಂದ ಫೋನ್ ಮಾಡಿದ್ನರಿ, ಅವತ್ತು…”

ನಾನು ಕುರ್ಚಿಯನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡೆ.