ಧಾರೆ ಸೀರೆಯ ಮೇಲೆ ಹರಳೆಣ್ಣೆ

ಬೆಳಗ್ಗೆ ಐದಕ್ಕೆ ಎದ್ದು ಬೀದಿಯ ಬೋರ್‌ವೆಲ್ಲಿನಿಂದ ಆರು ಕೊಡ ನೀರು ಹೊತ್ತು ತಂದದ್ದು. ಹಿತ್ತಿಲಲ್ಲಿ ನೂರು ಬಸ್ಕಿ, ಇಪ್ಪತ್ತೈದು ದಂಡ, ಕರಾಟೆ ವರಸೆಯ ಎರಡು ಕಟಾ. ಅಪ್ಪನ ಕಣ್ಣಿಗೆ ಔಷಧಿ ಹಾಕಿದ್ದು. ಮಗ್ಗದ ಗುಂಡಿಯ ಕಸ ಗುಡಿಸಿ ಒಣಬಟ್ಟೆಯಲ್ಲಿ ಒರೆಸಿದ್ದು. ನಾಳೆ ಯಳಂದೂರಿಗೆ ಹೋಗಬೇಕೆಂದು ಸೈಕಲ್ಲಿನ ಹಿಂದಿನ ಚಕ್ರಕ್ಕೆ ಗಾಳಿ ಹೊಡೆದದ್ದು. ಹೆಂಡತಿ ಸುತ್ತಿಟ್ಟಿದ್ದ, ಲಾಳಿಗೆ ಹಾಕುವ ರೇಷ್ಮೆ ಕಂಡಿಕೆಗಳನ್ನು ಬುಟ್ಟಿಗೆ ಹಾಕಿಕೊಂಡದ್ದು. ಸೀಗೆಪುಡಿ ಹಾಕಿ ಮೂರು ಸಲ ಕೈ ತೊಳೆದದ್ದು.

ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಶನಿವಾರದ ಪುಟದ ಮೇಲೆ ಇಷ್ಟು ಬರೆದಿದೆ. ಆ ದಿನ ಮಾಡಿದ್ದನ್ನು ಆ ದಿನವೇ ಗೀಚಿಡುವುದು ನನಗೆ ಮೊದಲಿನಿಂದ ಅಭ್ಯಾಸ. ಮೂರು ಸಲ ತೊಳೆದದ್ದು ಸಾಲದೆಹೋಯಿತು ಎಂಬುದು ಮಾತ್ರ ಬೆಳಗ್ಗೆ ಗೊತ್ತಿರಲಿಲ್ಲ, ಮಧ್ಯಾಹ್ನ ಗೊತ್ತಾಯಿತು.

ನಮ್ಮದು ಕೊಳ್ಳೇಗಾಲದ ರೇಷ್ಮೆ ನೇಯುವ ಮನೆ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಹತ್ತು ವರ್ಷ ಹಾಗೆ ಕೂತ ಮೇಲೆ ನನ್ನ ಕಾಲುಗಳು ಮಂಡಿಯಿಂದ ಕೆಳಗೆ ಜೋಮು ಹಿಡಿಯತೊಡಗಿದವು. ಎಂಬತ್ತರ ದಶಕದ ಕೊನೆ ಇರಬೇಕು, ಒಂದು ಭಾನುವಾರ ಶಾಲೆಯ ಮೈದಾನದಲ್ಲಿ ಕಾಲೇಜು ಹುಡುಗರು ಬಿಳಿ ಬಟ್ಟೆ ಹಾಕಿಕೊಂಡು ಗಾಳಿಗೆ ಒದೆಯುತ್ತಿದ್ದುದನ್ನು ನಿಂತು ನೋಡಿದೆ. ಕಲಿಸುತ್ತಿದ್ದವರು ಯಳಂದೂರಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಮೈಸೂರಿನಲ್ಲಿ ಓದುವಾಗ ಕರಾಟೆ ಕಲಿತಿದ್ದರಂತೆ. ಒಂದು ಭಾನುವಾರ ನಮ್ಮೂರಲ್ಲಿ, ಇನ್ನೊಂದು ಭಾನುವಾರ ಅವರೂರಲ್ಲಿ ಕ್ಲಾಸು. "ಸಾ, ಕಾಲು ಜೋಮು ಇಡೀತದ, ಇದ್ರಿಂದ ವಾಸಿ ಆಯ್ತದಾ?" ಎಂದು ಕೇಳಿದೆ. "ವಾಸಿ ಆಗೋದು ನಂಗೊತ್ತಿಲ್ಲಪ್ಪ, ನೋವು ಬೇರೆ ಕಡೆಗೆ ಹೋಗ್ತದೆ," ಎಂದರು. ಆ ಮಾತಿಗೇ ಸೇರಿಕೊಂಡೆ. ಹುಡುಗರ ಸಾಲಿನಲ್ಲಿ ಮೀಸೆ ಇದ್ದವನು, ಮದುವೆಯಾದವನು ನಾನೊಬ್ಬನೇ.

ನಮ್ಮ ಬೀದಿಯವರು ಸುಮ್ಮನಿರುತ್ತಾರೆಯೇ? "ಯಾನಪ್ಪಾ, ಲಾಳೀನೂ ಕಾಲಲ್ಲೇ ಒದೀತೀಯಾ?" ಎಂದು ಕೇಳುವರು. ನಾನು ನಕ್ಕು ಮುಂದೆ ಹೋಗುತ್ತಿದ್ದೆ. ಆರು ತಿಂಗಳಿಗೆ ಜೋಮು ಕಡಿಮೆಯಾಯಿತು. ವರ್ಷಕ್ಕೆ ಮರೆತೇಹೋಯಿತು. ನಿಧಾನವಾಗಿ ಕಲಿಯುವವನು ನಾನು. ಹುಡುಗರು ಎರಡು ವರ್ಷದಲ್ಲಿ ಮುಟ್ಟಿದ ಬೆಲ್ಟಿಗೆ ನನಗೆ ಐದು ಹಿಡಿಯಿತು. ಅಂತೂ ಕಂದು ಬೆಲ್ಟಿನ ಪರೀಕ್ಷೆಗೆ ಬಂದು ನಿಂತೆ. ಅದರಲ್ಲಿ ಒಂದು ಹಲಗೆ ಒಡೆಯಬೇಕು.

ಎಡವಟ್ಟು ಶುರುವಾದದ್ದು ಅಲ್ಲಿ. ನನ್ನ ಜೊತೆ ಪರೀಕ್ಷೆಗೆ ನಿಂತವನು ಸತ್ತೇಗಾಲದ ಒಬ್ಬ ಬೇಸಾಯಗಾರ. ಗದ್ದೆಗೆ ನೀರು ಕಟ್ಟಿ ಬಸ್ಸು ಹತ್ತಿ ಬರುತ್ತಿದ್ದ. ಒಂದು ದಿನ ನನ್ನ ಕೈ ಹಿಡಿದು ತಿರುಗಿಸಿ ನೋಡಿ ಎಲ್ಲರಿಗೂ ಕೇಳುವಂತೆ ಹೇಳಿದ: "ಅಣ್ಣೋ, ಗುದ್ಲಿ ಇಡ್ದೂ ಇಡ್ದೂ ನನ್ ಕೈ ಆಗ್ಲೇ ಕಲ್ಲಾಗದ. ನಿಂದೇನಣ್ಣ ಇದು, ಮದಲಗಿತ್ತಿ ಕೈ ಇದ್ದಂಗದ! ಅಲಗೆ ಒಡೀತೀಯೋ, ಅಲಗೆಗೆ ಅರಿಸ್ನ ಕುಂಕ್ಮ ಇಡ್ತೀಯೋ?"

ಹುಡುಗರೆಲ್ಲ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದವನು ಹಿತ್ತಿಲಲ್ಲಿ ಒಂದು ಕಂಬ ನೆಟ್ಟು, ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ, ದಿನಕ್ಕೆ ಐವತ್ತು ಸಲ ಗುದ್ದತೊಡಗಿದೆ. ಮೃದುವಾದ ಕೈ ನನ್ನ ಕಸುಬಿನ ಕೈ ಎಂಬುದನ್ನು ಮರೆತುಬಿಟ್ಟೆ. ರೇಷ್ಮೆ ನೇಯುವವನ ಬೆರಳಲ್ಲಿ ಒಂದು ಸಿಬಿರು ಎದ್ದಿದ್ದರೂ ಅದು ಎಳೆಯನ್ನು ಹಿಡಿದು ಎಬ್ಬಿಸುತ್ತದೆ. ನಮ್ಮಲ್ಲಿ ಹೆಂಗಸರು ಪಾತ್ರೆಗೆ ಬೂದಿ ಹಾಕಿ ಉಜ್ಜಿದ ದಿನ ಮಗ್ಗಕ್ಕೆ ಬಿಗಿದ ಉದ್ದೆಳೆಯ ಹಾಸಿನ ಹತ್ತಿರ ಸುಳಿಯುವುದಿಲ್ಲ. ಇಷ್ಟೆಲ್ಲ ತಿಳಿದಿದ್ದವನು ಹಗ್ಗಕ್ಕೆ ಗುದ್ದಿ ಗುದ್ದಿ ಗೆಣ್ಣಿನ ಮೇಲೆಲ್ಲ ಒಣಚರ್ಮದ ಹೆಕ್ಕಳ ಎಬ್ಬಿಸಿಕೊಂಡೆ.

ಅದೂ ಯಾವಾಗ? ತಂಗಿಯ ಮದುವೆಗೆ ಹನ್ನೊಂದು ದಿನ ಇರುವಾಗ.

ನಾವು ನೇಯುವ ಸೀರೆಗಳು ನಮ್ಮ ಮನೆಯಲ್ಲಿ ಉಳಿಯುವುದಿಲ್ಲ. ಮಗ್ಗದಿಂದ ಇಳಿದ ದಿನವೇ ಬೇರೆಯವರ ಮನೆಗೆ ಹೋಗುತ್ತವೆ. ಆದರೆ ಮನೆಯ ಹೆಣ್ಣುಮಗಳ ಧಾರೆ ಸೀರೆ ಮಾತ್ರ ಮನೆಯ ಮಗ್ಗದಲ್ಲೇ ಆಗಬೇಕು. ಅಪ್ಪ ಶುರು ಮಾಡಬೇಕು, ಅಣ್ಣ ಸೆರಗು ಮುಗಿಸಬೇಕು. ನಮ್ಮಜ್ಜಿಯ ಕಾಲದಿಂದ ಹಾಗೇ ನಡೆದುಬಂದಿದೆ. ಅಪ್ಪ ಪೊರೆ ಬಂದ ಕಣ್ಣಿನಲ್ಲೇ ಮೊದಲ ಮೊಳ ನೇಯ್ದು ನನಗೆ ಕೊಟ್ಟಿದ್ದರು. ಹಾಲುಕೆನೆ ಬಣ್ಣದ ಒಡಲು, ಅರಗಿನ ಕೆಂಪು ಅಂಚು, ಸಣ್ಣ ಜರಿ. ಆ ಒಂದು ಸೀರೆಗೆ ಬೇಕಾದಷ್ಟೇ ರೇಷ್ಮೆ ತಂದಿದ್ದೆವು. ಕೆಟ್ಟರೆ ಇನ್ನೊಂದು ನೇಯಲು ನೂಲೂ ಇಲ್ಲ, ದಿನವೂ ಇಲ್ಲ.

ಶುಕ್ರವಾರ, ತುಂಡಾದ ಒಂದು ಎಳೆ ಸೇರಿಸಲು ಹಾಸಿನ ಕೆಳಗೆ ಕೈ ಹಾಕಿದಾಗ ಗೆಣ್ಣಿನ ಹೆಕ್ಕಳ ಎರಡು ಎಳೆಯನ್ನು ಕಚ್ಚಿಕೊಂಡಿತು. ಹೇಗೋ ಬಿಡಿಸಿಕೊಂಡೆ. ಅವತ್ತು ರಾತ್ರಿ ಯಾರಿಗೂ ಹೇಳದೆ ಹರಳೆಣ್ಣೆ ಬೆಚ್ಚಗೆ ಮಾಡಿ ಎರಡೂ ಕೈಗೆ ಚೆನ್ನಾಗಿ ತಿಕ್ಕಿ, ಹಳೆಯ ಪಂಚೆಯ ಚೂರು ಸುತ್ತಿಕೊಂಡು ಮಲಗಿದೆ. ಶನಿವಾರ ಬೆಳಗ್ಗೆ ನೋಡಿದರೆ ಕೈ ಬೆಣ್ಣೆಯ ಹಾಗಿತ್ತು. ಮೂರು ಸಲ ತೊಳೆದೆ, ಒರೆಸಿದೆ, ಗುಂಡಿಗೆ ಇಳಿದೆ.

ಚರ್ಮದ ಬಿರುಕಿನೊಳಗೆ ಕೂತ ಹರಳೆಣ್ಣೆ ಮೈ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಗೇಣುದ್ದ ನೇಯ್ದಾಗಲೆಲ್ಲ ಬಟ್ಟೆಯನ್ನು ಅಂಗೈಯಲ್ಲಿ ಒಮ್ಮೆ ಸವರುವುದು ಕೈಗೆ ಕೂತ ಅಭ್ಯಾಸ, ಅವತ್ತೂ ಸವರಿದೆ.

ಹನ್ನೊಂದೂವರೆಗೆ ಹೆಂಡತಿ ಕಾಫಿ ತಂದಳು. ಲೋಟ ಇಡಲು ಬಗ್ಗಿದವಳು ಬಗ್ಗಿದ ಹಾಗೇ ನಿಂತಳು. "ಇದೇನ್ರೀ ಇದು, ನೆನೆದಂಗದಲ್ಲ?"

ಕಿಟಕಿಯ ಬೆಳಕು ಬೀಳುವ ಕಡೆಯಿಂದ ನೋಡಿದೆ. ಒಡಲಿನ ಕೊನೆಯಲ್ಲಿ, ಉಟ್ಟಾಗ ಸರಿಯಾಗಿ ಎದೆಯ ಮೇಲೆ ಬರುವ ಜಾಗದಲ್ಲಿ, ವೀಳ್ಯದೆಲೆಯ ಅರ್ಧದಷ್ಟು ಮಬ್ಬು ಕಲೆ. ಕಾಫಿ ಅಲ್ಲೇ ಆರಿತು.

ಅಪ್ಪನಿಗೆ ಹೇಳದೆ ವಿಧಿಯಿರಲಿಲ್ಲ. ಜಗಲಿಯಿಂದ ಎದ್ದು ಬಂದು, ಕಣ್ಣು ಮಂಜಾಗಿದ್ದರಿಂದ ಮೂಗನ್ನೇ ಬಟ್ಟೆಯ ಹತ್ತಿರ ತಂದರು. ಒಂದು ಸಲ ಮೂಸಿದರು. ಆಮೇಲೆ ನನ್ನ ಕೈ ಎಳೆದುಕೊಂಡು ಮೂಸಿದರು.

"ಅರಳೆಣ್ಣೆ. ಯಾರ್ಲಾ ಈ ಮನೇಲಿ ಬಾಣಂತಿ?"

ನಾನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ: ಕಂಬ, ಹಗ್ಗ, ಹೆಕ್ಕಳ, ಎಣ್ಣೆ.

"ಕಂಬಕ್ಕೆ ಗುದ್ದಿದ್ಯಾ? ಅದೇನ್ ಮಾಡಿತ್ಲಾ ನಿಂಗೆ?"

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ಅಷ್ಟರಲ್ಲಿ ತಂಗಿ ಒಳಗಿನಿಂದ ಬಂದಳು. ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಅವಳೂ ಇದೇ ಮನೆಯಲ್ಲಿ ಬೆಳೆದವಳು, ಬಟ್ಟೆ ನೋಡಿದಳು, ತಿಳಿದಳು. ಆಮೇಲೆ, "ಓಗ್ಲಿ ಬುಡಣ್ಣ, ಊವಿನ ಆರದಲ್ಲಿ ಮುಚ್ಚೋಯ್ತದ," ಎಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ಆರದಲ್ಲಿ ಯಾಕವ್ವ ಮುಚ್ಬೇಕು?" ಎಂದರು ಅಪ್ಪ. "ಯಾರೂ ನೀರು ಮುಟ್ಟಿಸ್ಬೇಡಿ. ನೀರು ಬಿದ್ರೆ ಕಲೆ ಕುಂತ್ಕತ್ತದ."

"ಮಾವ, ಕಡ್ಲೆಇಟ್ಟು ತರ್ಲಾ?" ಎಂದಳು ನನ್ನ ಹೆಂಡತಿ.

"ಬ್ಯಾಡ, ಅದರ ಅಳದಿ ಇಡ್ಕತ್ತದ."

ತಂಗಿ ಮುಖದ ಪೌಡರಿನ ಡಬ್ಬಿ ತಂದಳು. "ಅದ್ರಲ್ಲಿ ಸೆಂಟದ ಕಣ್ ಕೂಸು. ನಿನ್ ಗಂಡುನ್ಗೆ ಮಡಿಕ್ಕೊ," ಎಂದು ಅದನ್ನೂ ವಾಪಸು ಕಳಿಸಿದರು. ದೇವರ ಗೂಡಿನಿಂದ ವಿಭೂತಿಯ ಗಟ್ಟಿ ತರಿಸಿ, ನನ್ನ ಕೈಗೆ ಕೊಡದೆ ಸೊಸೆಯ ಕೈಯಲ್ಲಿ ಕುಟ್ಟಿಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿಸಿದರು. ಕಲೆಯ ಮೇಲೊಂದಿಷ್ಟು, ಕೆಳಗೆ ಕಾಗದದ ಮೇಲೆ ಹರಡಿ ಒಂದಿಷ್ಟು. ಮೇಲೆ ಮಡಿಸಿದ ಪಂಚೆ, ಅದರ ಮೇಲೆ ಬಿಸಿಲಲ್ಲಿ ಬೆಚ್ಚಗಾದ ಒಂದು ಇಟ್ಟಿಗೆ. ಭಾರಕ್ಕೆ ಬಟ್ಟೆ ಜಗ್ಗದ ಹಾಗೆ ಕೆಳಗಿನಿಂದ ಕಾಗದಕ್ಕೆ ಒಂದು ಮಣೆ ಆನಿಸಿ ನಿಲ್ಲಿಸಿದೆವು. "ಎಣ್ಣೆಗೆ ಬೂದಿ ಆಸೆ. ಎರಡು ಗಂಟೆ ಬುಡಿ," ಎಂದರು.

ಎರಡು ಗಂಟೆ! ನಾನು ಮಗ್ಗದ ಪಕ್ಕವೇ ಕುಕ್ಕುರುಗಾಲಲ್ಲಿ ಕೂತೆ. ಅಪ್ಪ ಸ್ವಲ್ಪ ಹೊತ್ತು ನೋಡಿ, "ಇಲ್ಲಿ ಕುಂತು ಅದ್ನ ಎದರಿಸ್ಬೇಡ. ಇತ್ಲಿಗೋಗಿ ಅದೇನೋ ಕುಣೀತೀಯಲ್ಲ, ಅದ್ ಮಾಡೋಗು," ಎಂದರು.

ಹೋದೆ. ಹಿತ್ತಿಲಲ್ಲಿ ಬಿಸಿಲು ನೆತ್ತಿಯ ಮೇಲಿತ್ತು. ಅಪ್ಪ ಹಿಂದೆಯೇ ಬಂದು ಬಾಗಿಲಲ್ಲಿ ಕೂತರು. ಐದು ವರ್ಷದಲ್ಲಿ ಅವರು ನನ್ನನ್ನು ಹೀಗೆ ಕೂತು ನೋಡಿದ್ದು ಅದೇ ಮೊದಲು. ಹೆಜ್ಜೆ ತಪ್ಪಿತು, ಮತ್ತೆ ಮೊದಲಿಂದ ಮಾಡಿದೆ. ಮಂಡಿ ಅಗಲಿಸಿ ಕುದುರೆ ಹತ್ತಿದವನ ಹಾಗೆ ಬಗ್ಗಿ ನಿಲ್ಲುವುದೊಂದಿದೆ. ಅದರಲ್ಲಿ ನಿಂತಾಗ ಅಪ್ಪ ಕೇಳಿದರು.

"ಅಂಗೇ ಎಷ್ಟೊತ್ತು ನಿಂತ್ಕತೀಯಾ?"

"ಐದು ನಿಮ್ಷ ನಿಲ್ತೀನಪ್ಪ."

"ನಿನ್ ವಯಸ್ಸಲ್ಲಿ ನಾನು ಗೋಡೆ ಇಡ್ಕೊಂಡೇ ಗುಂಡಿಯಿಂದ ಮೇಲಕ್ ಬತ್ತಿದ್ದೆ. ನೀನು ಸುಮ್ನೆ ಎದ್ ಬತ್ತೀಯಾ. ಸದ್ದಿನಲ್ಲೇ ತಿಳೀತದ ನಂಗೆ." ಮತ್ತೆ ಹೇಳಿದರು: "ಕಾಲಿಗೆ ಏನಾರ ಮಾಡ್ಕೊ ಕಣ್ಲಾ, ಬ್ಯಾಡ ಅನ್ನಲ್ಲ. ಕೈ ಮಾತ್ರ ಬುಡು."

ಎರಡು ಗಂಟೆಗೆ ಇಟ್ಟಿಗೆ ಎತ್ತಿದೆವು. ವಿಭೂತಿ ಹಳದಿಗೆ ತಿರುಗಿ ಗಂಟುಗಂಟಾಗಿತ್ತು. ಹೆಂಡತಿ ಕೋಳಿಪುಕ್ಕದಿಂದ ಮೆಲ್ಲಗೆ ಸರಿಸಿದಳು. ಕಲೆ ಇತ್ತು, ಆದರೆ ಚಿಕ್ಕದಾಗಿತ್ತು. ಮತ್ತೆ ಹೊಸ ಪುಡಿ, ಮತ್ತೆ ಇಟ್ಟಿಗೆ. ನಾಲ್ಕಕ್ಕೆ ನೋಡಿದಾಗ ಕಲೆಯ ಸುತ್ತಿನ ಒಂದು ಗೆರೆ ಮಾತ್ರ ಉಳಿದಿತ್ತು. ಮೂರನೆಯ ಸಲ ತಂಗಿಯೇ ಪುಡಿ ಹಾಕಿದಳು. ಅಷ್ಟು ಹೊತ್ತಿಗೆ ಅವಳಿಗೂ ಹುರುಪು ಬಂದಿತ್ತು. "ದೇವರ ಗೂಡಲ್ಲಿ ಇನ್ನು ಇಬೂತಿ ಇಲ್ಲ, ನಾಳೆ ಅಪ್ಪ ಬೋಳು ಅಣೇಲೇ ಪೂಜೆ ಮಾಡ್ಬೇಕು," ಎಂದು ನಕ್ಕಳು.

ಆರು ಗಂಟೆಗೆ, ಬೆಳಕಿರುವಾಗಲೇ, ಪಂಚೆ ಎತ್ತಿದೆವು. ಹೆಂಡತಿ ಪುಕ್ಕ ಆಡಿಸಿದಳು. ತಂಗಿ ಕಿಟಕಿಯ ಕಡೆಯಿಂದ ನೋಡಿದಳು, ಬಾಗಿಲ ಕಡೆಯಿಂದ ನೋಡಿದಳು. ನನಗೆ ಹತ್ತಿರ ಹೋಗಲು ಧೈರ್ಯವಿರಲಿಲ್ಲ.

"ಎಲ್ಲಿತ್ತು ಅತ್ಗೆ?" ಎಂದಳು.

"ಇಲ್ಲೇ… ಅಲ್ಲ, ಇಲ್ಲಿ." ಹೆಂಡತಿಗೂ ಜಾಗ ಸಿಗಲಿಲ್ಲ.

ಅಪ್ಪ ಮೂಗು ತಂದು ಮೂಸಿದರು. "ದೇವಸ್ಥಾನದ ವಾಸ್ನೆ ಬತ್ತಾದ," ಎಂದಷ್ಟೇ ಹೇಳಿ ಜಗಲಿಗೆ ಹೋದರು. ನಾನು ಗೋಡೆಗೆ ಒರಗಿ ಕೂತೆ.

ಮರುದಿನ ಯಳಂದೂರಿಗೆ ಹೋಗಿ ಮಾಸ್ಟರಿಗೆ ನೇರವಾಗಿ ಹೇಳಿದೆ: ಸಾ, ನನಗೆ ಗುದ್ದಿ ಒಡೆಯಲು ಆಗುವುದಿಲ್ಲ, ಬೆಲ್ಟು ಕೊಡದಿದ್ದರೆ ಬೇಡ. ಕಥೆಯೆಲ್ಲ ಕೇಳಿ ಅವರು ಹಣೆ ಚಚ್ಚಿಕೊಂಡರು. "ಮೊದಲೇ ಹೇಳಬಾರದೇನಪ್ಪ? ಮೊಣಕೈ ಯಾವ ಮಗ್ಗಕ್ಕೆ ಬೇಕು? ಅದರಲ್ಲಿ ಒಡಿ." ಅವತ್ತಿನ ಪರೀಕ್ಷೆಯಲ್ಲಿ ಎರಡನೆಯ ಏಟಿಗೆ ಹಲಗೆ ಸೀಳಿತು, ಬೆಲ್ಟೂ ಬಂತು. ಸತ್ತೇಗಾಲದವನು, "ಅಣ್ಣೋ, ಮೊದ್ಲೇಟು ಅರಿಸ್ನ, ಎರಡ್ನೇದು ಕುಂಕ್ಮ!" ಎಂದು ಕೂಗಿದ. ಮುಂದಿನ ವಾರ ಸೆರಗು ಮುಗಿಸಿ ಸೀರೆ ಇಳಿಸಿದೆ. ಧಾರೆಯ ಹೊತ್ತಿನಲ್ಲಿ ತಂಗಿಯ ಮೇಲೆ ಎಲ್ಲರೂ ಅಕ್ಷತೆ ಹಾಕುತ್ತಿದ್ದಾಗ ನಾನು ಸೀರೆಯನ್ನೇ ನೋಡುತ್ತಿದ್ದೆ. ಈಗ ಅವಳು ಹನೂರಿನಲ್ಲಿದ್ದಾಳೆ, ಎರಡು ಮಕ್ಕಳ ತಾಯಿ. ನಾನು ಇವತ್ತಿಗೂ ಕಟಾ ಮಾಡುತ್ತೇನೆ, ಒದೆಯುತ್ತೇನೆ, ಮೊಣಕೈ ಬೀಸುತ್ತೇನೆ. ಗುದ್ದುವುದು ಗಾಳಿಗೆ ಮಾತ್ರ.

ಆ ಶನಿವಾರ ಸಂಜೆ ಹೆಂಡತಿ ಹುರುಳಿಕಾಳಿನ ಉಪ್ಸಾರು ಮಾಡಿ, ಮುದ್ದೆ ತೊಳಸಿ, ಬೆಳ್ಳುಳ್ಳಿ ಖಾರ ಅರೆದಳು. ಮಧ್ಯಾಹ್ನ ಯಾರೂ ಸರಿಯಾಗಿ ತಿಂದಿರಲಿಲ್ಲ. ತಂಗಿಯಂತೂ ಹಸಿವಿಲ್ಲವೆಂದು ನೀರು ಕುಡಿದು ಎದ್ದಿದ್ದಳು. ಈಗ ಎರಡು ಮುದ್ದೆ ಉಂಡು, ಮೇಲೆ ಮಜ್ಜಿಗೆ ಅನ್ನವನ್ನೂ ಹಾಕಿಸಿಕೊಂಡಳು. ಅಪ್ಪ ಒಂದೂವರೆ ಮುದ್ದೆ, ನಾನು ಎರಡು. ಹೆಂಡತಿ ಕೊನೆಗೆ ಕೂತು ಉಳಿದದ್ದರಲ್ಲಿ ಉಂಡಳು. ತಟ್ಟೆ ತೊಳೆದು ಬರುವಷ್ಟರಲ್ಲಿ ತಂಗಿ ಮಗ್ಗದ ಪಕ್ಕದ ಚಾಪೆಯ ಮೇಲೆ, ದಿಂಬನ್ನೂ ತೆಗೆದುಕೊಳ್ಳದೆ, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದಳು.