ಎತ್ತಿ ಬಿಗಿದ ಬೋಲ್ಟು

ನನ್ನ ನಾದಿನಿಯನ್ನು ಬೀದಿಯವರು ಬ್ರೇಕಮ್ಮ ಎನ್ನುತ್ತಿದ್ದರು. ನಾಯಿ ಅಡ್ಡ ಬರಲಿ, ಕೋಳಿ ಅಡ್ಡ ಬರಲಿ, ಕಾರು ನಿಲ್ಲಿಸಿ ಅದು ದಾಟುವವರೆಗೆ ಕಾಯುವವಳು. ಅಂಥವಳು ಗೋಡೆಗೆ ಗುದ್ದಿದಳೆಂದು ಇವತ್ತಿಗೂ ಆಡಿಕೊಳ್ಳುವವರಿದ್ದಾರೆ. ಅವರ ಬಾಯಿಗೆ ಮಣ್ಣು ಹಾಕ.

ಅದು ಮಾವನವರು ಬಿಟ್ಟುಹೋದ ಹಳೆಯ ಕಾರು. ಓಡಿಸಲು ಕಲಿಸಿದವರೂ ಅವರೇ. ಮಗನ ಕೈಗೆ ಹತ್ತಲಿಲ್ಲ, ಮಗಳ ಕೈಗೆ ಹತ್ತಿತು. ಕೈಲಾಗದ ಮುದುಕರನ್ನು ಆಸ್ಪತ್ರೆಗೆ ಕರೆದೊಯ್ದು ಕರೆತರುವುದೇ ಅವಳ ಕೆಲಸ, ಅದೇ ಅವಳ ಅನ್ನ.

ಕಾರಿಗೊಂದು ಕೆಟ್ಟ ಚಾಳಿಯಿತ್ತು. ತಿರುವಿನಲ್ಲಿ ಮುಂಭಾಗ ದೋಣಿಯ ಹಾಗೆ ವಾಲುತ್ತಿತ್ತು, ಹಿಂದೆ ಕುಳಿತ ಅಜ್ಜಿಯರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಮುಂದಕ್ಕೆ ಗಿಡ್ಡನೆಯ, ಗಟ್ಟಿ ಸ್ಪ್ರಿಂಗು ಹಾಕಿಸಿದರೆ ಕಾರು ನೆಲಕ್ಕೆ ಹತ್ತಿರ ಕೂರುತ್ತದೆ, ವಾಲುವುದಿಲ್ಲ ಎಂದು ನನ್ನ ಗಂಡನೂ ಗ್ಯಾರೇಜಿನವನೂ ಸೇರಿ ಹೇಳಿದರು. ಅವಳೂ ಒಪ್ಪಿದಳು. ಸ್ಪ್ರಿಂಗಿನ ಜೊತೆಗೆ, ಚಕ್ರ ಹಿಡಿಯುವ ತೋಳಿನ ಬುಡಕ್ಕೆ, ಬೋಲ್ಟಿನ ಸುತ್ತ ಕೂರುವ ರಬ್ಬರ್ ಬಳೆ, ಹೊಸ ಬುಷ್ಷೂ ಬಿತ್ತು.

ಮೊದಮೊದಲು ಚೆನ್ನಾಗಿಯೇ ಓಡಿತು. ಆಮೇಲೆ ಮುಂದುಗಡೆ ಕಟಕಟ ಸದ್ದು. ಬ್ರೇಕು ಒತ್ತಿದರೆ ಎಡಕ್ಕೆ ಎಳೆಯುತ್ತದೆ ಎಂದು ಅವಳು ಹೇಳಿದ್ದಕ್ಕೆ ಗ್ಯಾರೇಜಿನವನು ನಕ್ಕು, ಕೈ ಇನ್ನೂ ಹೊಂದಿಕೊಂಡಿಲ್ಲ ಎಂದನಂತೆ. ಒಂದು ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಬಳಿ ಬ್ರೇಕು ಒತ್ತಿದ್ದೇ ತಡ, ಕಾರು ಎಡಕ್ಕೆ ನುಗ್ಗಿ ಗೋಡೆಗೆ ಗುದ್ದಿತು. ಒಳಗಿದ್ದ ಅಜ್ಜನ ಕನ್ನಡಕ ಬಿದ್ದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ನನ್ನ ಗಂಡ ಕೀಲಿ ಕಿತ್ತುಕೊಂಡರು. ಹೆಂಗಸರ ಕೈಯನ್ನು ಎಷ್ಟು ದಿನ ನಂಬುವುದು, ಕಾರು ಮಾರಿಬಿಡೋಣ ಎಂದರು. ಸೈಕಲ್ ಬಿಟ್ಟು ಬೇರೇನನ್ನೂ ತುಳಿದವರಲ್ಲ! ಈಗ ಅವರಿಲ್ಲ, ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ನಾದಿನಿ ಅಳಲಿಲ್ಲ. ಅಣ್ಣನನ್ನೂ ನನ್ನನ್ನೂ ಕಾರು ನಿಂತಿದ್ದ ಗ್ಯಾರೇಜಿಗೆ ಎಳೆದುಕೊಂಡು ಹೋದಳು. ನಿನ್ನದು ಗಂಡಸಿನ ಕೈಯಲ್ಲವೇ, ನೀನೇ ಓಡಿಸು ಎಂದು ಗ್ಯಾರೇಜಿನವನನ್ನು ಕೂರಿಸಿದಳು. ಅವನು ಮೀಸೆ ತೀಡಿಕೊಂಡು ಹೊರಟ. ಬೀದಿಯ ಕೊನೆಯಲ್ಲಿ ಬ್ರೇಕು ಹಾಕಿದ. ಕಾರು ಚರಂಡಿಗೆ ಮೂತಿ ಇಟ್ಟಿತು. ಅದನ್ನು ವಾಪಸು ತಂದು, ಬೆವರೊರೆಸಿಕೊಂಡು ಜಾಕು ಕೊಟ್ಟು ನೋಡಿದರೆ ಎಡಗಡೆ ಬುಷ್ಷಿನ ರಬ್ಬರು ಹರಿದು ಚಿಂದಿಯಾಗಿ, ಚಕ್ರದ ತೋಳೇ ಅಲ್ಲಾಡುತ್ತಿತ್ತು.

"ಹೊಸದು ಹೇಗಯ್ಯಾ ಹರೀತು?" ಎಂದಳು.

ಅವನು ತಲೆ ಕೆರೆದುಕೊಂಡ. "ಗಾಡಿ ಚಕ್ರದ ಮೇಲೆ ನಿಂತಾಗ ಆ ಬೋಲ್ಟು ಬಿಗೀಬೇಕು ಅಕ್ಕ. ಎತ್ತಿ ಬಿಗಿದ್ರೆ, ಇಳಿಸಿದಾಗ ರಬ್ಬರು ತಿರುಚಿಕೊಳ್ಳುತ್ತೆ. ಗಾಡಿ ಗಿಡ್ಡ ಆಯ್ತಲ್ಲ, ಅಡಿಗೆ ಕೈ ಹೋಗ್ಲಿಲ್ಲ. ಎತ್ತಿದ್ದಾಗ್ಲೇ ಬಿಗಿದುಬಿಟ್ಟೆ."

ಗೊತ್ತಿತ್ತು ಅವನಿಗೆ! ಗೊತ್ತಿದ್ದೂ ಅವಳ ಕೈಯನ್ನು ದೂರಿದ್ದ. ನನ್ನ ಮೈ ಉರಿದುಹೋಯಿತು. ನನ್ನ ಗಂಡನೋ, ಕೆಲಸ ಮಾಡುವವರ ಕೈಯಲ್ಲಿ ತಪ್ಪಾಗುವುದು ಸಹಜ ಎಂದು ಅವನ ಬೆನ್ನು ತಟ್ಟಿದರು. ತಂಗಿಯ ಕಡೆ ತಿರುಗಿಯೂ ನೋಡಲಿಲ್ಲ.

ಅವನು ಬೇರೆ ಬುಷ್ಷು ಹಾಕಿ, ಚಕ್ರಗಳ ಅಡಿಗೆ ಮರದ ದಿಮ್ಮಿ ಕೊಟ್ಟು, ಕಾರನ್ನು ಅವುಗಳ ಮೇಲಿಳಿಸಿ, ಕೆಳಗೆ ತೂರಿ ಬೋಲ್ಟು ಬಿಗಿದ. ಅವಳು ಪಕ್ಕದಿಂದ ಅಲುಗಲಿಲ್ಲ. ಕೆಲಸ ಮುಗಿಸಿ ಅವನು ಅಣ್ಣನಿಗೆ ಕೊಟ್ಟ ಕೀಲಿಯನ್ನು ಅಣ್ಣನ ಜೇಬಿನಿಂದ ತಾನೇ ತೆಗೆದುಕೊಂಡಳು. ಕಾರು ತಿರುವಿನಲ್ಲಿ ನೆಲ ಕಚ್ಚಿಕೊಂಡು ಓಡತೊಡಗಿತು.

ಆ ವಾರವೇ ಪೇಟೆಗೆಂದು ನಾವಿಬ್ಬರೂ ಅವಳ ಕಾರು ಹತ್ತಿದೆವು. ಇವರು ಮುಂದೆ, ನಾನು ಹಿಂದೆ ಇಬ್ಬರು ಅಜ್ಜಿಯರ ಜೊತೆ. ದೊಡ್ಡ ತಿರುವು ದಾಟಿದ ಮೇಲೆ ಇವರು ಅಜ್ಜಿಯರ ಕಡೆ ತಿರುಗಿದರು.

"ನೋಡಿದ್ರಾ? ಸ್ಪ್ರಿಂಗು ನಾನೇ ಹಾಕಿಸಿದ್ದು. ಇನ್ನು ಇವಳು ಓಡಿಸಿದ್ರೂ ಗೋಡೆಗೆ ಹೋಗಲ್ಲ."

ಅವಳು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು.

"ಗೋಡೆಗೆ ಯಾಕೆ ಹೋಯ್ತು ಅಂತಾನೂ ಹೇಳಣ್ಣ. ಪೂರ್ತಿ ಹೇಳು, ಇಲ್ಲಾಂದ್ರೆ ಇಳಿ."

ಕಿಟಕಿಯ ಬಳಿಯ ಅಜ್ಜಿ, "ಏನಾದ್ರೂ ಒಂದು ಬೇಗ ಮಾಡಪ್ಪ, ಡಾಕ್ಟರು ಎದ್ದುಹೋಗ್ತಾರೆ" ಎಂದರು.

ಇವರು ಹೇಳಲಿಲ್ಲ. ಇಳಿದರು. ಇಳಿದು, ನೀನೂ ಬಾ ಎಂಬಂತೆ ನನ್ನ ಕಡೆ ನೋಡಿದರು. ನಾನು ಇಳಿದೆ, ಇಳಿದು ಮುಂದಿನ ಸೀಟಿಗೆ ಹೋಗಿ ಕೂತು ಬಾಗಿಲು ಹಾಕಿಕೊಂಡೆ.