ಪಕ್ಕದ ಮಂಚ ಖಾಲಿಯಾದ ಮೇಲೆ

ನನ್ನ ತಮ್ಮನಿಗೆ ಹುಟ್ಟಿನಿಂದಲೇ ಹಿಮೋಫಿಲಿಯಾ. ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ. ಹೊರಗೆ ಗಾಯವೇ ಆಗಬೇಕೆಂದಿಲ್ಲ, ನಡೆದಾಡುತ್ತಿರುವಾಗಲೇ ಕೀಲಿನೊಳಗೆ ರಕ್ತ ಸೋರಿ ಮೊಣಕಾಲು ಊದಿಕೊಳ್ಳುತ್ತದೆ. ಕುಳಿತು ಮಾಡುವ ಕೆಲಸವಿರಲೆಂದು ಅಪ್ಪ ಬದುಕಿದ್ದಾಗಲೇ ಅವನಿಗೆ ಬೆಳ್ಳಿ ಗೆಜ್ಜೆಗೆ ಬೆಸುಗೆ ಹಾಕುವುದನ್ನು ಕಲಿಸಿದ್ದರು. ಹುಪರಿಯ ನಮ್ಮ ತವರುಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ನಾನು ಮದುವೆಯಾಗಿ ಇಚಲಕರಂಜಿಗೆ ಬಂದೆ, ಹಗಲಿಡೀ ಮಗ್ಗದ ಸದ್ದಿರುವ ಓಣಿಗೆ.

ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್ನಿಗಾಗಿ ಅವನು ಕೊಲ್ಹಾಪುರದ ಸರ್ಕಾರಿ ದವಾಖಾನೆಗೆ ಹೋಗುತ್ತಿದ್ದ. ಅಲ್ಲಿ ಗಡಹಿಂಗ್ಲಜದ ಒಬ್ಬ ಗೆಳೆಯ ಸಿಕ್ಕ. ಅದೇ ಕಾಯಿಲೆ, ವಯಸ್ಸಿನಲ್ಲಿ ತುಸು ದೊಡ್ಡವ. ತಾನೇ ನರ ಹುಡುಕಿ ಚುಚ್ಚಿಕೊಳ್ಳುವುದನ್ನು ತಮ್ಮನಿಗೆ ಕಲಿಸಿದವನು ಅವನೇ. ಮನೆಯಲ್ಲಿ ತೆಗೆದುಕೊಳ್ಳಲು ಔಷಧ ಕೊಡತೊಡಗಿದ ಮೇಲೂ ಇಬ್ಬರೂ ಫೋನಿನಲ್ಲಿ ಮಾತಾಡಿ ಒಂದೇ ದಿನ ಕೊಲ್ಹಾಪುರಕ್ಕೆ ಹೋಗುತ್ತಿದ್ದರು. ಪಕ್ಕಪಕ್ಕದ ಮಂಚ ಹಿಡಿದು ಒಂದು ಸೂಜಿ ಅಲ್ಲೇ ಮಾಡಿಕೊಂಡು, ಉಳಿದ ಔಷಧವನ್ನು ಮನೆಗೆ ತರುತ್ತಿದ್ದರು. ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಮಿಸಳ್ ತಿನ್ನುವುದು ತಪ್ಪುತ್ತಿರಲಿಲ್ಲ. ತಮ್ಮ ನಗುತ್ತಿದ್ದುದು ಆ ದಿನಗಳಲ್ಲೇ ಹೆಚ್ಚು.

ಹೋದ ಮಳೆಗಾಲದ ಕೊನೆಗೆ ಆ ಗೆಳೆಯ ತೀರಿಕೊಂಡ. ತಲೆನೋವೆಂದು ಮಲಗಿದವನ ತಲೆಯೊಳಗೆ ರಕ್ತ ಹರಿದಿತ್ತು. ಮಣ್ಣಿಗೆ ಹೋಗಿಬಂದ ತಮ್ಮ ಅಳಲಿಲ್ಲ. ಆದರೆ ಕೆಲವು ದಿನಗಳಲ್ಲೇ ಅವ್ವ ಫೋನು ಮಾಡತೊಡಗಿದಳು: "ತಾಟ ಮುಂದಿಟ್ಟರ ಸುಮ್ಮ ನೋಡ್ಕೋಂತ ಕುಂದರ್ತಾನವಾ. ಗೆಜ್ಜಿ ಕೆಲಸಾನೂ ಬಿಟ್ಟಾನ." ದುಃಖ ತಾನಾಗಿ ಇಳಿಯಬಹುದು ಎಂದುಕೊಂಡೆವು.

ದೀಪಾವಳಿಯಲ್ಲಿ ಸೋದರರಿಗೆ ಆರತಿ ಎತ್ತುವ ಭಾವುಬೀಜದ ದಿನ ಅವನು ನಮ್ಮ ಮನೆಗೆ ಬಂದ. ಮಣೆ ಹಾಕಿದೆ. ಅವನಿಗೆ ಕೂರಲು ಆಗಲಿಲ್ಲ. ಪ್ಯಾಂಟು ಮೇಲೆತ್ತಿ ನೋಡಿದರೆ ಮೊಣಕಾಲು ಬಾತು, ಮುಟ್ಟಿದರೆ ಸುಡುತ್ತಿತ್ತು.

"ಸೂಜಿ ಯಾವಾಗ ಮಾಡ್ಕೊಂಡಿದ್ದಿ?" ಎಂದೆ.

"ಮಾಡ್ಕೊಂಡಿಲ್ಲ. ಅಂವ ಹೋದಾಗಿಂದ ಬಿಟ್ಟೇನಿ."

"ಯಾಕೋ?"

"ದವಾಖಾನಿಗೆ ಹೋದ್ರ ಬಾಜೂಕ ಅಂವ ಇರಂಗಿಲ್ಲ. ಮನ್ಯಾಗ ಮಾಡ್ಕೊಳ್ಳಾಕ ಕುಂತ್ರ, ಯಾಕ ಮಾಡ್ಕೊಳ್ಳೂದು ಅನಸ್ತದ. ನಾ ಇಲ್ಲಂದ್ರ ನಿಮಗೂ ತ್ರಾಸ ತಪ್ಪತದಲ್ಲ ಅಕ್ಕಾ."

ಸಂತೆಗೆ ಹೋಗಿಬರುತ್ತೇನೆ ಎನ್ನುವಷ್ಟು ಸಾದಾ ದನಿಯಲ್ಲಿ ಅಂದ. ನನ್ನ ಕೈಯಲ್ಲಿದ್ದ ಆರತಿ ತಾಟನ್ನು ಮಗಳು ಇಸಿದುಕೊಂಡಳು.

ಅಂದೇ, ಹುಪರಿಯಿಂದ ಅವ್ವನನ್ನೂ ಕರೆಸಿಕೊಂಡು, ಅವನನ್ನು ಕೊಲ್ಹಾಪುರಕ್ಕೆ ಕರೆದೊಯ್ದೆವು. ಡಾಕ್ಟರು ಇಂಜೆಕ್ಷನ್ ಕೊಟ್ಟು, ನಮ್ಮನ್ನು ಹೊರಗೆ ಕಳಿಸಿ ಬಹಳ ಹೊತ್ತು ಅವನೊಂದಿಗೆ ಮಾತಾಡಿದರು. ಆಮೇಲೆ ನಮಗೆ ಹೇಳಿದರು, ಇದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ, ಖಿನ್ನತೆ. ಅದಕ್ಕೂ ಔಷಧವಿದೆ, ಮನಸ್ಸಿನ ಡಾಕ್ಟರರನ್ನು ನೋಡಬೇಕು. ಅವ್ವ ವರಾಂಡದ ಬೆಂಚಿನ ಮೇಲೆ ಕುಳಿತಳು. "ನನ್ನ ಹೊಟ್ಟ್ಯಾಗಿಂದನ ಬಂದದ ಈ ಜಡ್ಡು. ನಾನ ಕೊಟ್ಟೇನಿ," ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ತಾಯಿಯ ರಕ್ತದಿಂದ ಮಗನಿಗೆ ಬರುವ ಕಾಯಿಲೆ ಎಂದು ಅವಳಿಗೆ ಯಾರೋ ಎಂದೋ ಹೇಳಿದ್ದರು. ಯಾರ ತಪ್ಪೂ ಅಲ್ಲ ಎಂದೂ ಹೇಳಿದ್ದರು. ಅವಳಲ್ಲಿ ಉಳಿದದ್ದು ಮೊದಲನೆಯ ಮಾತು ಮಾತ್ರ.

ಮನಸ್ಸಿನ ಡಾಕ್ಟರರ ಮಾತ್ರೆ ಶುರುವಾಗಿ ಕೆಲವು ವಾರ ಕಳೆದ ಮೇಲೆ, ಗೆಳೆಯನ ತಾಯಿಯನ್ನು ನೋಡಬೇಕು ಅಂದ ತಮ್ಮ. ಗಡಹಿಂಗ್ಲಜಕ್ಕೆ ನಾನೂ ಹೋದೆ. ಚಹಾ ಕೊಟ್ಟು ಆ ತಾಯಿ ಫ್ರಿಜ್ಜು ತೆರೆದರು. ಕೆಳಗಿನ ಖಾನೆಯ ತುಂಬ ಔಷಧದ ಡಬ್ಬಿಗಳು, ಒಂದರ ಸೀಲೂ ಒಡೆದಿಲ್ಲ.

"ನನಗ ಓದಾಕ ಬರಂಗಿಲ್ಲ ಮಗಾ. ಇವು ನಿನಗ ಆಗ್ತಾವೇನ ನೋಡು. ಎಲ್ಲಾ ಮುಗದಾವು ಅಂತಿದ್ದ, ಮತ್ತ ಇಷ್ಟ ಹೆಂಗ ಉಳದಾವು?"

ತಮ್ಮ ಡಬ್ಬಿಗಳನ್ನು ಒಂದೊಂದೇ ತಿರುಗಿಸಿ ತಾರೀಖು ನೋಡಿದ. ನನಗೂ ತಿಳಿಯಿತು. ಗೆಳೆಯ ಮನೆಯಲ್ಲಿ ಚುಚ್ಚಿಕೊಂಡೇ ಇರಲಿಲ್ಲ. ಕೊಲ್ಹಾಪುರದಲ್ಲಿ, ತಮ್ಮನ ಪಕ್ಕದಲ್ಲಿ ಕುಳಿತಾಗ ಮಾತ್ರ.

"ಇವು ಹೆಚ್ಚಿನವು ರೀ ಮಾವಶಿ," ಎಂದ ತಮ್ಮ. "ಅಡಚಣಿಗೆ ಇರಲಿ ಅಂತ ಕೂಡಿ ಇಟ್ಟಿದ್ದ."

ವಾಪಸು ಬರುವ ಬಸ್ಸಿನಲ್ಲಿ, ಜನರ ನಡುವೆಯೇ, ಅವನು ಅತ್ತ. "ನನಗ ಕಲಿಸಿ ತಾ ಬಿಟ್ಟಿದ್ದ ಅಕ್ಕಾ. ನನ್ನ ಮುಂದ ಎಷ್ಟ ನಗತಿದ್ದ." ಅವನ ಬೆನ್ನ ಮೇಲೆ ಕೈಯಿಟ್ಟು ಕುಳಿತೆ.

ಈಗ ಅವನ ಮೊಣಕಾಲು ಪೂರ್ತಿ ಮಡಚುವುದಿಲ್ಲ. ನೆಲದ ಮೇಲೆ ಕೂರಲಾರ. ಮೇಜು ಮಾಡಿಸಿಕೊಂಡು, ಆದಷ್ಟು ಗೆಜ್ಜೆ ಕೆಲಸ ಮಾಡುತ್ತಾನೆ. ಮಾತ್ರೆ ನಡೆದಿದೆ. ಸೂಜಿಯನ್ನೂ ಸಾಮಾನ್ಯವಾಗಿ ತಪ್ಪಿಸುವುದಿಲ್ಲ. ಒಂದೊಂದು ದಿನ ಮಾತ್ರ ಫೋನು ಬರುತ್ತದೆ: "ಅಕ್ಕಾ, ಇವತ್ತ ಕೈ ಏಳವಲ್ತು." ಮನೆಗೆಲಸ ಬಿಟ್ಟು ಹುಪರಿಯ ಬಸ್ಸು ಹತ್ತುತ್ತೇನೆ. ಬುದ್ಧಿ ಹೇಳುವುದಿಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಎಷ್ಟೋ ಸಲ ಅವನು ತಾನೇ ತೋಳು ಚಾಚಿ ನರ ಹುಡುಕುತ್ತಾನೆ. ಕೆಲವೊಮ್ಮೆ ಇಲ್ಲ, ಆಗ ನಾಳೆ ಮತ್ತೆ ಬರುವೆನೆಂದು ಹೇಳಿ ಏಳುತ್ತೇನೆ, ಅವ್ವ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಾಳೆ.